ಸಭೆಯಲ್ಲಿ ಕೊಲೆ ಒಪ್ಪಿಕೊಂಡವರನ್ನು ಸಭೆ ಕ್ಷಮಿಸಬಹುದೇ?

ಹುಮನಾಬಾದಿನವನು:
ನಮ್ಮದು ಹುಮನಾಬಾದ್ ತಾಲ್ಲೂಕಿನ ಹಳ್ಳಿ. ಅಜ್ಜನ ಕಾಲದಿಂದಲೂ ಮೆಥೋಡಿಸ್ಟ್ ಕ್ರೈಸ್ತ ಸಭೆಯವರು. ಮೊನ್ನೆ ಉಪವಾಸ ಪ್ರಾರ್ಥನೆಯಲ್ಲಿ ಹಿರಿಯರೊಬ್ಬರು ಸಾಕ್ಷಿ ಹೇಳಲು, ಅಂದರೆ ದೇವರು ತಮ್ಮ ಬಾಳು ಬದಲಿಸಿದ್ದನ್ನು ಹೇಳಲು ಎದ್ದರು. ಕುಡಿತ ಬಿಟ್ಟ ಕಥೆಯಿರಬೇಕು ಎಂದುಕೊಂಡೆವು. ಅವರು ಹೇಳಿದ್ದೇ ಬೇರೆ. ಸುಮಾರು ಮೂವತ್ತು ವರ್ಷದ ಹಿಂದೆ, ಕಬ್ಬು ಕಡಿದ ಕೂಲಿಯ ಜಗಳದಲ್ಲಿ ಒಬ್ಬ ಆಳನ್ನು ಬಾವಿಗೆ ತಳ್ಳಿದರಂತೆ. ಅವನಿಗೆ ಈಜು ಬಾರದೆಂದು ಗೊತ್ತಿದ್ದೂ ಮೇಲೆ ನಿಂತು ನೋಡಿದರಂತೆ. ಅವರು ಅತ್ತರು, ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಸಭೆ ಹಲ್ಲೆಲೂಯಾ ಎಂದಿತು. ಆಮೇಲೆ ಎಲ್ಲರಿಗೂ ಚಹಾ ಬಂತು.

ಸತ್ತವನ ಹೆಂಡತಿ ಪಕ್ಕದ ಊರಿನಲ್ಲಿದ್ದಾಳೆ. ಊರು ಅದನ್ನು ಆತ್ಮಹತ್ಯೆ ಎಂದಿತ್ತು. 'ಮನೆಯಲ್ಲಿ ಏನು ನಡೆದಿತ್ತೋ' ಎಂಬ ಕೊಂಕು ಕೇಳುತ್ತಲೇ ಕೂಲಿ ಮಾಡಿ ಮಗಳ ಮದುವೆ ಮಾಡಿದವಳು. ನಮ್ಮ ಸಭೆಯವಳಲ್ಲ, ಹಾಗಾಗಿ ಅವಳನ್ನು ಯಾರೂ ನೆನೆಯಲಿಲ್ಲ. ಕೇಳಿದ್ದಕ್ಕೆ, ದೇವರು ಮರೆತದ್ದನ್ನು ನೀನು ಕೆದಕಬೇಡ ಎಂದರು ಪಾಸ್ಟರ್. ಅವಳಿಗೆ ಆದ ಅನ್ಯಾಯವನ್ನು ಕ್ಷಮಿಸಲು ನಾವು ಯಾರು?

ಕಲಬುರಗಿ ವಕೀಲ:
ಕೊಲೆಗೆ ಕಾಲಮಿತಿ ಇಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಯಾವ ಅಪರಾಧಕ್ಕೂ ಇಲ್ಲ. ಘಟನೆ ಹೊಸ ನ್ಯಾಯ ಸಂಹಿತೆ ಜಾರಿಯಾದ 2024ರ ಜುಲೈ 1ಕ್ಕಿಂತ ಹಿಂದಿನದು, ಆದ್ದರಿಂದ ಹಳೆಯ ದಂಡ ಸಂಹಿತೆಯೇ ಅನ್ವಯ. ಕೊಲೆಯ ಪ್ರಕರಣ ರಾಜಿಯಾಗುವಂಥದ್ದೂ ಅಲ್ಲ. ಆ ಹೆಂಗಸೇ ಕ್ಷಮಿಸಿದರೂ ಮುಗಿಯುವುದಿಲ್ಲ. ಸಭೆಯ ಮುಂದೆ ಆಡಿದ ಮಾತನ್ನು ನ್ಯಾಯಾಲಯ ದುರ್ಬಲ ಸಾಕ್ಷ್ಯವೆಂದು ನೋಡುತ್ತದೆ, ಪೂರಕ ಪುರಾವೆ ಕೇಳುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯಂತೂ ಸಾಕ್ಷ್ಯವೇ ಆಗುವುದಿಲ್ಲ. ಹಿರಿಯರು ಮೊದಲು ವಕೀಲರನ್ನು ಕಂಡು, ಮನಸ್ಸಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಲಿ. ಒಂದು ಮಾತು: ಕೊಲೆಯ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಬೇಕೆಂದು ತನಿಖೆ, ವಿಚಾರಣೆಯ ಈಗಿನ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ಚಹಾ ಕುಡಿದವರೆಲ್ಲ ಅದನ್ನೊಮ್ಮೆ ಓದಲಿ.

ಬೀದರ್ ಸಹೋದರಿ:
ಪಾಸ್ಟರನ್ನು ಹೀಗೆ ಎಳೆದಾಡಬೇಡಿ. ಮೂವತ್ತು ವರ್ಷ ಬಾಯಿ ಬಿಡದವನು ಬಾಯಿ ಬಿಟ್ಟದ್ದು ಆ ಸಭೆಯಲ್ಲಿ, ಠಾಣೆಯಲ್ಲಲ್ಲ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಸುಟ್ಟು ಕೊಂದವರನ್ನು ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಲಿಲ್ಲವೇ?

ಹುಮನಾಬಾದಿನವನು:
ಅಕ್ಕಾ, ಕ್ಷಮಿಸಿದ್ದು ಗಂಡ ಮಕ್ಕಳನ್ನು ಕಳೆದುಕೊಂಡ ಆಕೆ. ಅಷ್ಟಾದರೂ ಪ್ರಕರಣ ನಿಲ್ಲಲಿಲ್ಲ; ಮುಖ್ಯ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು.

ಶಹಾಪುರದ ಮೇಷ್ಟ್ರು:
ನಮ್ಮ ಮಸೀದಿಯಲ್ಲಿ ಕೇಳಿ ಬೆಳೆದದ್ದು ಇಷ್ಟು: ದೇವರ ಹಕ್ಕು ಬೇರೆ, ಮನುಷ್ಯರ ಹಕ್ಕು ಬೇರೆ. ನಮಾಜು ತಪ್ಪಿಸಿದ್ದಕ್ಕೆ ತೌಬಾ ಮಾಡಿ ದೇವರನ್ನು ಬೇಡಬಹುದು. ಇನ್ನೊಬ್ಬರಿಗೆ ಮಾಡಿದ ಅನ್ಯಾಯಕ್ಕೆ ಅವರ ಬಾಗಿಲಿಗೇ ಹೋಗಬೇಕು. ಹಾಗೆಂದು ನಮ್ಮವರು ಎಲ್ಲರೂ ಹೋಗುತ್ತಾರೆ ಎಂದಲ್ಲ.

ಹುಮನಾಬಾದಿನವನು:
ನಿನ್ನೆ ಹಿರಿಯರ ಮನೆಗೆ ಹೋಗಿದ್ದೆ. ವಕೀಲರನ್ನು ಕಾಣಲು ಒಪ್ಪಿದರು. ಆ ತಾಯಿಯ ಮುಂದೆ ನಿಲ್ಲಲು ಮಾತ್ರ ಒಲ್ಲೆ ಎನ್ನುತ್ತಾರೆ. ವಕೀಲರೇ, ನಾನೇ ಅವಳಿಗೆ ಮೊದಲು ತಿಳಿಸಿದರೆ ಪ್ರಕರಣಕ್ಕೆ ತೊಂದರೆಯಾಗುತ್ತದೆಯೇ?

ಕಲಬುರಗಿ ವಕೀಲ:
ತಿಳಿಸಬಾರದೆಂದು ಕಾನೂನಿಲ್ಲ. ಆದರೆ ಒಬ್ಬರೇ ಹೋಗಬೇಡಿ, ಮಗಳು ಅಳಿಯ ಮನೆಯಲ್ಲಿದ್ದಾಗ ಹೋಗಿ. ನೀವು ಕೇಳಿದ್ದನ್ನಷ್ಟೇ ಹೇಳಿ, ಹಿರಿಯರ ಪರವಾಗಿ ಕ್ಷಮೆ ಕೇಳಬೇಡಿ.