‘ಇನ್‌ಫಾರ್ಮ್ಡ್ ಕನ್ಸೆಂಟ್’ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಗೋಣಿಕೊಪ್ಪದಿಂದ

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕು. ಅಧ್ಯಯನಕ್ಕೆ ಸೇರುವವರಿಗೆ ಎಲ್ಲ ತಿಳಿಸಿ, ಅವರಿಗೆ ಅರ್ಥವಾದ ಮೇಲೆ ಪಡೆಯುವ ಒಪ್ಪಿಗೆಗೆ ಇಂಗ್ಲಿಷಿನಲ್ಲಿ ‘ಇನ್‌ಫಾರ್ಮ್ಡ್ ಕನ್ಸೆಂಟ್’ ಎನ್ನುತ್ತಾರೆ, ಅದಕ್ಕೆ. ಕಾಫಿ ತೋಟದ ಕೆಲಸಗಾರರು ಇರುವ ಲೈನ್‌ಮನೆಗಳ ಹೆಂಗಸರಲ್ಲಿ, 12 ವರ್ಷ ದಾಟಿದ ಹುಡುಗಿಯರಲ್ಲಿ ರಕ್ತಹೀನತೆ ಬಗ್ಗೆ ಒಂದು ಅಧ್ಯಯನ ಶುರುವಾಗಲಿದೆ. ಕಬ್ಬಿಣಾಂಶದ ಎರಡು ಬಗೆಯ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಆರು ತಿಂಗಳಲ್ಲಿ ಮೂರು ಸಲ ರಕ್ತ ತೆಗೆಯುತ್ತಾರೆ. ಇದರ ಮಾಹಿತಿ ಹಾಳೆ, ಸಹಿಯ ನಮೂನೆ ಎರಡನ್ನೂ ಕನ್ನಡಕ್ಕೆ ತರುವ ಕೆಲಸ ನನ್ನದು. ಶುಕ್ರವಾರ ಎಥಿಕ್ಸ್ ಕಮಿಟಿಯ, ಅಂದರೆ ಇಂಥ ಅಧ್ಯಯನ ನ್ಯಾಯವಾಗಿದೆಯೇ ಎಂದು ನೋಡುವ ಸಮಿತಿಯ, ಮುಂದಿಡಬೇಕು. ಇಲ್ಲಿ ಮಳೆ, ಕರೆಂಟು ಬಂದು ಹೋಗುತ್ತಿದೆ. ಉತ್ತರ ತಡವಾದರೆ ಬೇಸರಿಸಬೇಡಿ.

ಹಳೆಯ ನಮೂನೆಗಳಲ್ಲಿ ಸಿಕ್ಕಿದ್ದು ಇಷ್ಟು: ‘ಮಾಹಿತಿಪೂರ್ವಕ ಸಮ್ಮತಿ’, ‘ತಿಳುವಳಿಕೆಯುಕ್ತ ಸಮ್ಮತಿ’, ‘ಸುಜ್ಞಾತ ಸಮ್ಮತಿ’. ಒಂದರಲ್ಲಿ ‘ತಿಳಿಸಿದ ಒಪ್ಪಿಗೆ’ ಎಂದೂ ಇದೆ. ಅದನ್ನು ಓದಿದರೆ ಒಪ್ಪಿಗೆಯನ್ನು ಯಾರೋ ಯಾರಿಗೋ ತಿಳಿಸಿದ ಹಾಗಾಗುತ್ತದೆ.

ನಿನ್ನೆ ಪಾಲಿಬೆಟ್ಟದ ಹತ್ತಿರ ಒಂದು ಲೈನ್‌ನಲ್ಲಿ ಕೂತು ಓದಿ ಹೇಳಿದೆ. ‘ಮಾಹಿತಿಪೂರ್ವಕ ಸಮ್ಮತಿ ಪತ್ರ’ ಅಂದ ಕೂಡಲೇ ಒಬ್ಬ ಅಕ್ಕ “ಬ್ಯಾಂಕಿನವರಾ?” ಅಂತ ಕೇಳಿದರು. ‘ಚಿಕಿತ್ಸಾ ಪ್ರಯೋಗ’ ಅಂದಾಗ ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಊರಲ್ಲಿ ಪ್ರಯೋಗ ಮಾಡಿಸುವುದು ಎಂದರೆ ಮಾಟ ಮಾಡಿಸುವುದು. ಹಾಗಾಗಿ ಅದನ್ನು ‘ಅಧ್ಯಯನ’ ಎಂದು ಬದಲಿಸಿದ್ದೇನೆ. ಆದರೆ ಔಷಧಿಯನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂಬ ಸಂಗತಿಯೇ ಅದರಡಿ ಮುಚ್ಚಿಹೋಗುತ್ತದೋ ಎಂಬ ಅಳುಕಿದೆ. ದಯವಿಟ್ಟು ದಾರಿ ತೋರಿಸಿ.

ಮಡಿಕೇರಿಯಿಂದ

‘ಮಾಹಿತಿಪೂರ್ವಕ’ ತಪ್ಪು. ಮಾಹಿತಿ ಮರಾಠಿಯ ದಾರಿಯಲ್ಲಿ ಬಂದದ್ದು, ಪೂರ್ವಕ ಸಂಸ್ಕೃತದ್ದು. ಹೀಗೆ ಬೇರೆ ಬೇರೆ ಮೂಲದ ಪದಗಳನ್ನು ಕೂಡಿಸಿದರೆ ಅರಿಸಮಾಸ. ಚರ್ಚೆಗೆ ಇಡುವುದೇ ಬೇಡ.

‘ಸುಜ್ಞಾತ ಸಮ್ಮತಿ’ಯೂ ನಿಲ್ಲುವುದಿಲ್ಲ. ಸುಜ್ಞಾತ ಎಂದರೆ ಚೆನ್ನಾಗಿ ತಿಳಿಯಲ್ಪಟ್ಟದ್ದು. ತಿಳಿಯಲ್ಪಡಬೇಕಾದದ್ದು ಅಧ್ಯಯನ, ಸಮ್ಮತಿಯಲ್ಲ.

ನಮ್ಮಲ್ಲೇ ಧಾತು ಇರುವಾಗ ಸಾಲ ಏಕೆ? ಒಪ್ಪು. ಹಳಗನ್ನಡದಲ್ಲಿ ಅದಕ್ಕೆ ಸೊಗಸಾಗಿರು, ತಕ್ಕುದಾಗಿರು ಎಂಬ ಅರ್ಥವಿದೆ. ಒಪ್ಪವಿಡು, ಒಪ್ಪಂದ, ಒಪ್ಪಿಸು ಎಲ್ಲವೂ ಅದೇ ಬೇರಿನವು. ಶಾಸನದ ಕೊನೆಯಲ್ಲಿ ಅರಸನ ಅಂಕಿತಕ್ಕೂ ಒಪ್ಪ ಎಂದೇ ಹೆಸರು. ವಿಜಯನಗರದ ತಾಮ್ರಪಟಗಳ ಕೊನೆಯಲ್ಲಿ ಬರುವ ‘ಶ್ರೀ ವಿರೂಪಾಕ್ಷ’ ಅಂಥ ಒಪ್ಪ. ಮನಸ್ಸಿಗೆ ತಕ್ಕುದೆನಿಸಿತು, ಸಹಿಯೂ ಬಿತ್ತು. ಎರಡಕ್ಕೂ ಒಂದೇ ಧಾತು. ‘ಅರಿವೊಪ್ಪಿಗೆ’ ಎಂದು ಬರೆಯಿರಿ, ಮುಗಿಯಿತು.

ವಿರಾಜಪೇಟೆಯಿಂದ

ಅರಿವೊಪ್ಪಿಗೆ ಯಾರ ಬಾಯಲ್ಲೂ ಇಲ್ಲದ ಮಾತು. ಲೈನ್‌ಮನೆಯಲ್ಲಿ ಅದನ್ನು ಓದಿದರೆ ಇನ್ನೊಂದು ಅಕ್ಕ ಇನ್ನೊಂದು ಬ್ಯಾಂಕಿನ ಹೆಸರು ಹೇಳುತ್ತಾರೆ.

ನಾನು ವಕೀಲ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮಿನ ಪ್ರಕಾರ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಸಂ ಮತ್ತು ಮತಿ, ಇಬ್ಬರ ಎಣಿಕೆಯೂ ಒಂದಾಗುವುದು. ಕಲಮಿನ ಅರ್ಥ ಪದದ ಹೊಟ್ಟೆಯಲ್ಲೇ ಇದೆ. 14ನೇ ಕಲಮು ಬಲವಂತ, ಅನುಚಿತ ಪ್ರಭಾವ, ವಂಚನೆ, ತಪ್ಪು ಹೇಳಿಕೆ, ತಪ್ಪು ತಿಳಿವಳಿಕೆಯಿಂದ ಬಂದದ್ದು ಮುಕ್ತ ಸಮ್ಮತಿಯಲ್ಲ ಎನ್ನುತ್ತದೆ. ಪರೀಕ್ಷೆಗೆಂದು ಪಡೆದ ಸಮ್ಮತಿ ಶಸ್ತ್ರಚಿಕಿತ್ಸೆಗೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇಷ್ಟು ಭಾರ ಹೊತ್ತ ಪದವನ್ನು ಸಂಸ್ಕೃತ ಎಂಬ ಕಾರಣಕ್ಕೆ ಬಿಡಬೇಕೆ? ಅದು ಸಾಲವೇ ಆಗಿದ್ದರೂ ತೀರಿ ಸಾವಿರ ವರ್ಷವಾಯಿತು.

‘ಅನುಮತಿ’ ಮಾತ್ರ ಬೇಡ. ಅದು ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು.

ಅರಿಸಮಾಸದ ಬಗ್ಗೆ ಒಂದೇ ಮಾತು. ಬಿರುದಾವಳಿಗಳಲ್ಲಿ ಅದು ದೋಷವಲ್ಲ ಎಂದು ವ್ಯಾಕರಣವೇ ವಿನಾಯಿತಿ ಕೊಟ್ಟಿದೆ. ಅರಸರ ಬಿರುದಿಗೆ ಸಿಕ್ಕ ವಿನಾಯಿತಿ ಬಡವರ ಕಾಗದಕ್ಕೂ ಸಿಗಲಿ.

ಸಿದ್ದಾಪುರದಿಂದ

ನಾನು ವ್ಯಾಕರಣ ಓದಿದವಳಲ್ಲ, ನರ್ಸ್. ಇಂಥ ಕಾಗದಗಳಿಗೆ ಸಹಿ ಹಾಕಿಸಿಕೊಂಡು ತಿರುಗಿದವಳು. ಎರಡು ಮಾತು ಹೇಳಲೇಬೇಕು.

ನಮ್ಮ ಕಡೆ ಲೈನ್‌ಗಳಲ್ಲಿ ಮಲಯಾಳ ಮಾತಾಡುವವರು ತುಂಬಾ ಇದ್ದಾರೆ. ಮಲಯಾಳದಲ್ಲಿ ‘ಒಪ್ಪ್’ ಅಂದರೆ ಸಹಿ. “ಒಪ್ಪಿದ್ರಾ ಚೇಚಿ?” ಅಂತ ನಾನು ಕೇಳಿದರೆ ಅವರು “ಎಲ್ಲಿ ಹಾಕಲಿ?” ಅಂತ ಪೆನ್ನು ತಗೊಳ್ಳುತ್ತಾರೆ. ಎರಡೂ ಒಂದೇ ಧಾತು ಅಂತ ಮಡಿಕೇರಿಯ ಮೇಷ್ಟ್ರು ಸಂತೋಷಪಟ್ಟಿದ್ದೀರಿ. ನಮ್ಮ ತೊಂದರೆಯೇ ಅದು. ಸಹಿ ಬಿದ್ದರೆ ಒಪ್ಪಿದ ಹಾಗೆ ಅಂತ ಎಲ್ಲರೂ ಅಂದುಕೊಂಡಿದ್ದೇವೆ. ತೋಟದಲ್ಲಿ ಅಡ್ವಾನ್ಸ್ ತಗೊಳ್ಳುವಾಗ ಹೆಬ್ಬೆಟ್ಟು, ರೇಷನ್‌ಗೆ ಹೆಬ್ಬೆಟ್ಟು, ಸ್ಟೇಷನ್ನಿನಲ್ಲಿ ಮುಚ್ಚಳಿಕೆಗೆ ಹೆಬ್ಬೆಟ್ಟು. ಆ ಬೆರಳಿಗೆ ಬೇಡ ಅನ್ನುವ ಅಭ್ಯಾಸವನ್ನು ಯಾರೂ ಮಾಡಿಸಿಲ್ಲ.

ವಕೀಲರ ಸಮ್ಮತಿಗೂ ನನ್ನದೊಂದು ತಕರಾರಿದೆ. ‘ಮೌನಂ ಸಮ್ಮತಿ ಲಕ್ಷಣಂ’ ಅಂತ ನಮ್ಮೂರಲ್ಲಿ ಓದು ಬಾರದವರೂ ಹೇಳುತ್ತಾರೆ. ಡಾಕ್ಟರ್ ಮುಂದೆ ಹೆಂಗಸರು ಸುಮ್ಮನೆ ಕೂತರೆ “ಒಪ್ಪಿದಾರೆ, ಬರ್ಕೊಳ್ಳಿ” ಅನ್ನುವುದನ್ನು ನಾನೇ ಕೇಳಿದ್ದೇನೆ. ಅವರು ಸುಮ್ಮನಿದ್ದದ್ದು ಹೆದರಿಕೆಯಿಂದ. ಈ ಗಾದೆ ಅಂಟಿಕೊಂಡ ಪದವನ್ನು ಈ ಕಾಗದಕ್ಕೆ ಹೇಗೆ ಹಾಕುವುದು?

ಮಡಿಕೇರಿಯಿಂದ

ಮಲಯಾಳದವರಿಗೆ ಮಲಯಾಳದಲ್ಲಿ ಬರೆಯಿರಿ. ಕನ್ನಡ ಪದಕ್ಕೆ ಮಲಯಾಳದ ಕಿವಿ ಅಳತೆಗೋಲಲ್ಲ.

ಸೋಮವಾರಪೇಟೆಯಿಂದ

ಇಷ್ಟೆಲ್ಲ ಯಾಕೆ? ‘ಕನ್ಸೆಂಟ್’ ಅಂತಲೇ ಬರೆಯಿರಿ. ಕಾಫಿ, ಲೈನ್, ಎಸ್ಟೇಟು, ರೈಟರು, ಇಂಜೆಕ್ಷನ್ ಎಲ್ಲ ನಮ್ಮ ಮಾತಾಗಿಲ್ಲವೇ? ಮಾಹಿತಿ ಮರಾಠಿಯದು ಎಂದು ಹೊರಗೆ ಹಾಕಿದರೆ ಅರ್ಜಿ, ತಕರಾರು, ವಕೀಲ, ಜಮೀನು, ಕಾಗದ ಇವನ್ನೂ ಹಾಕಬೇಕಾಗುತ್ತದೆ. ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಬಾಯಿ ಬಿಡುವ ಹಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದೇ ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವ, ಕುರುಬರ ನುಡಿ ಕೇಳುತ್ತದೆ. ಇಲ್ಲಿ ಶುದ್ಧ ಪದ ಹುಡುಕುವವರು ಯಾರಿಗಾಗಿ ಹುಡುಕುತ್ತಿದ್ದಾರೆ?

ಮಡಿಕೇರಿಯಿಂದ

ಬಂದದ್ದೆಲ್ಲ ನಮ್ಮದು ಎನ್ನುವವರಿಗೆ ಊರಬಾಗಿಲೇ ಬೇಡ. ಕಾಫಿ ಒಂದು ವಸ್ತು, ವಸ್ತುವಿನ ಜೊತೆ ಹೆಸರು ಬಂತು. ಒಪ್ಪುವುದು ಬೇಡವೆನ್ನುವುದು ನಾವು ಹುಟ್ಟಿದಾಗಿನಿಂದ ಮಾಡುತ್ತಿರುವ ಕೆಲಸ. ಅದಕ್ಕೂ ಇಂಗ್ಲಿಷ್ ಬೇಕೆಂದರೆ ನನಗೆ ಹೇಳಲು ಏನೂ ಇಲ್ಲ.

ಸಿದ್ದಾಪುರದಿಂದ

ಈ ಒಂದು ವಿಷಯದಲ್ಲಿ ಮೇಷ್ಟ್ರ ಪರ. ಆಸ್ಪತ್ರೆಯಲ್ಲಿ “ಕನ್ಸೆಂಟ್ ಆಯ್ತಾ?” ಅಂದರೆ ಸಹಿ ಆಯ್ತಾ ಅಂತಷ್ಟೇ ಅರ್ಥ. ರೋಗಿಗೆ ತಿಳಿಯಿತಾ ಅಂತ ಆ ಮಾತಿನಲ್ಲಿ ಯಾರೂ ಕೇಳುವುದಿಲ್ಲ.

ಗೋಣಿಕೊಪ್ಪದಿಂದ

ಎಲ್ಲರಿಗೂ ಕೃತಜ್ಞತೆ. ಇವತ್ತು ಮತ್ತೆ ಅದೇ ಲೈನ್‌ಗೆ ಹೋಗಿ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ‘ಅಧ್ಯಯನ’ದ ಅಳುಕು. ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ ಸುಮಾರು 600 ಕಪ್ಪು ಗಂಡಸರನ್ನು ಒಂದು ಅಧ್ಯಯನದಲ್ಲಿ ಇಟ್ಟುಕೊಂಡಿದ್ದರು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅದನ್ನು ಅವರಿಗೆ ಹೇಳಲಿಲ್ಲ. ಆ ಊರಿನವರ ಮಾತಿನಲ್ಲೇ ‘ಕೆಟ್ಟ ರಕ್ತ’ ಎಂದರು. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಗೆ ಕರೆದ ಕಾಗದದಲ್ಲಿ ‘ವಿಶೇಷ ಉಚಿತ ಚಿಕಿತ್ಸೆ’ ಎಂದು ಬರೆದರು. ಆ ರೋಗ ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಎರಡು ಮಾತುಗಳೂ ಸರಳವಾಗಿದ್ದವು, ಜನರ ಬಾಯಲ್ಲಿದ್ದವು. ಅದನ್ನು ಓದಿದಾಗಿನಿಂದ, ಜನರ ಮಾತಿನಲ್ಲಿ ಬರೆದರೆ ಸಾಕು ಎಂಬ ನನ್ನ ನಂಬಿಕೆ ಅಲ್ಲಾಡಿದೆ. ನಮ್ಮಲ್ಲೂ ರಕ್ತಹೀನತೆಗೆ ಜನ ಅನ್ನುವುದು ‘ರಕ್ತ ಕಮ್ಮಿ’. ಅದನ್ನು ಬಳಸುತ್ತೇನೆ. ಆದರೆ ಮೊದಲ ಸಾಲಿನಲ್ಲೇ ‘ಇದು ಔಷಧಿಯ ಪರೀಕ್ಷೆ. ಎರಡು ಮಾತ್ರೆಗಳಲ್ಲಿ ಯಾವುದು ಮೇಲು ಎಂದು ನಮಗೂ ಗೊತ್ತಿಲ್ಲ, ಅದಕ್ಕೇ ನೋಡುತ್ತಿದ್ದೇವೆ’ ಎಂದು ಹಾಕಿದ್ದೇನೆ. ‘ಪ್ರಯೋಗ’ ಹೋಯಿತು, ‘ಅಧ್ಯಯನ’ವೂ ಹೋಯಿತು.

ವಕೀಲರೇ, ನೀವು ಬೇಡವೆಂದ ‘ಅನುಮತಿ’ಯ ಮೇಲೆ ನನಗೆ ನಿಜಕ್ಕೂ ಆಸೆಯಾಯಿತು. ರಕ್ತ ಅವರದ್ದು, ಮೈ ಅವರದ್ದು. ಈ ಕಾಗದದ ಮಟ್ಟಿಗೆ ಮೇಲಿರುವವರು ಆ ಹೆಂಗಸರೇ. ಬಿಟ್ಟದ್ದು ಬೇರೆ ಕಾರಣಕ್ಕೆ. ತೋಟದ ಮಾಲೀಕರಿಂದಲೂ ಒಂದು ‘ಅನುಮತಿ ಪತ್ರ’ ಬರುತ್ತದೆ, ಲೈನ್ ಒಳಗೆ ಹೋಗಲು. ಎರಡಕ್ಕೂ ಒಂದೇ ಪದವಾದರೆ ಮಾಲೀಕರು ಕೊಟ್ಟರು, ಇನ್ನೇನು ಎಂದಾಗುತ್ತದೆ. ಸಮುದಾಯದ ಹಿರಿಯರ ಅನುಮತಿ ಬೇಕಾದ ಕಡೆಯೂ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಲೇಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಆದಿವಾಸಿಗಳ ಹಾಡಿಗಳಲ್ಲಿ ಯಜಮಾನರನ್ನು ಕೇಳಿ ಮುಗಿಸುವವರಿಗೆ ಇದು ಗೊತ್ತಿರಲಿ.

ಪದಗಳು ಬದಲಾಗುತ್ತವೆ, ಬದಲಾದಾಗ ಮನುಷ್ಯರ ಜಾಗವೂ ಬದಲಾಗುತ್ತದೆ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ 1964ರದು. 2024ರ ಪರಿಷ್ಕರಣೆಯಲ್ಲಿ ‘ಸಬ್ಜೆಕ್ಟ್’ (ಪ್ರಯೋಗಕ್ಕೆ ಒಳಗಾದವರು) ಎಂಬ ಮಾತು ಬಿಟ್ಟು ‘ಪಾರ್ಟಿಸಿಪೆಂಟ್’ (ಪಾಲ್ಗೊಂಡವರು) ಎಂದು ಬರೆದರು. ಕನ್ನಡದ ಹಳೆ ನಮೂನೆಗಳಲ್ಲಿ ‘ಪ್ರಯೋಗಾರ್ಥಿ’, ‘ಅಭ್ಯರ್ಥಿ’ ಎಂದೆಲ್ಲ ಇದೆ. ಬೇಡಿಕೊಂಡು ಬಂದವರ ಹಾಗೆ. ನಾನು ‘ಸೇರಿದವರು’ ಎಂದಿದ್ದೇನೆ.

ಈಗ ಕೇಳಿದ ಪದ. ತಲೆಬರಹ ‘ತಿಳಿದು ಕೊಡುವ ಒಪ್ಪಿಗೆ’. ನಾಮಪದ ಅಷ್ಟಕ್ಕೇ ಸಾಕು. ನಮೂನೆಯ ಒಳಗೆ ‘ಒಪ್ಪಿಗೆ’ ಎಂಬ ಮಾತೇ ಇಲ್ಲ, ಇಷ್ಟು ವಾಕ್ಯಗಳಿವೆ: ‘ಹಾಳೆಯನ್ನು ನನಗೆ ಓದಿ ಹೇಳಿದ್ದಾರೆ. ನನಗೆ ಅರ್ಥವಾಗಿದೆ. ಕೇಳಬೇಕಾದದ್ದನ್ನು ಕೇಳಿದ್ದೇನೆ. ಸೇರಲು ನನಗೆ ಮನಸ್ಸಿದೆ. ಬೇಡವೆನಿಸಿದ ದಿನ ಬಿಡಬಹುದು, ಬಿಟ್ಟರೆ ನನ್ನ ಚಿಕಿತ್ಸೆಗಾಗಲಿ ತೋಟದ ಕೆಲಸಕ್ಕಾಗಲಿ ತೊಂದರೆಯಿಲ್ಲ.’ ಇಂಗ್ಲಿಷಿನ ಒಂದು ಪದದಲ್ಲಿ ತಿಳಿಸುವುದು, ತಿಳಿಯುವುದು, ಮನಸ್ಸು ಮಾಡುವುದು ಮೂರೂ ಸೇರಿವೆ. ಮೇಷ್ಟ್ರೇ, ಅರಿವೊಪ್ಪಿಗೆಯಲ್ಲಿ ಅರಿಯುವುದಿದೆ, ಅರುಹುವ ಕೆಲಸ ಕಾಣುವುದಿಲ್ಲ. ಅದು ನಮ್ಮ ಕೆಲಸ. ಅದನ್ನು ಬಚ್ಚಿಟ್ಟರೆ ಅರ್ಥವಾಗದ್ದು ಅವರ ತಪ್ಪು ಎಂದಾಗುತ್ತದೆ.

ಸಿದ್ದಾಪುರದ ಅಕ್ಕಾ, ಮಲಯಾಳದ ಹಾಳೆ ಬೇರೆ ಆಗುತ್ತಿದೆ, ಅಲ್ಲಿ ‘ಸಮ್ಮತಂ’ ಇರುತ್ತದೆ. ಕನ್ನಡ ಹಾಳೆಯಲ್ಲಿ ಸಹಿಗೆ ‘ಸಹಿ’ ಮಾತ್ರ. ‘ಮನಸ್ಸಿದೆ’ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ‘ಮನಸ್ಸಿಲ್ಲ’ ಎಂಬ ಚೌಕವನ್ನೂ ಇಟ್ಟಿದ್ದೇನೆ. ಹೆಬ್ಬೆಟ್ಟು ಅಲ್ಲಿಗೂ ಹೋಗಬಹುದು. ಹುಡುಗಿಯರ ನಮೂನೆ ಬೇರೆ: 12ರಿಂದ 18ರ ತನಕ ಅವರ ಲಿಖಿತ ಒಪ್ಪಿಗೆಯೂ ಬೇಕು, ಅಪ್ಪ ಅಮ್ಮನದೂ ಬೇಕು.

ಇವತ್ತು ಓದಿದಾಗ ಯಾರೂ ಬ್ಯಾಂಕಿನ ಮಾತೆತ್ತಲಿಲ್ಲ. ಅದೇ ಅಕ್ಕ ಕೇಳಿದ್ದು: “ರಕ್ತ ಕಮ್ಮಿ ಅಂತೀರಿ, ಮತ್ತೆ ಮೂರು ಸಲ ಯಾಕೆ ತೆಗೀತೀರಿ?” ಉತ್ತರ ಹಾಳೆಯಲ್ಲಿರಲಿಲ್ಲ. ಒಂದು ಸಲಕ್ಕೆ 5 ಮಿಲಿಲೀಟರು, ಒಂದು ಟೀ ಚಮಚದಷ್ಟು ಎಂದು ಸೇರಿಸಿದೆ.

ಒಂದು ಬಾಕಿ ಉಳಿದಿದೆ. ಓದು ಬಾರದವರ ಪಕ್ಕ ಹೊರಗಿನ ಒಬ್ಬರು ಕೂತು ಎಲ್ಲ ಕೇಳಿಸಿಕೊಂಡು ಸಹಿ ಹಾಕಬೇಕು ಎಂಬ ನಿಯಮವಿದೆ. ‘ನಿಷ್ಪಕ್ಷಪಾತ ಸಾಕ್ಷಿ’ ಎಂದು ಬರೆದೆ. “ಸಾಕ್ಷಿ ಅಂದ್ರೆ ಕೇಸಾ?” ಎಂದರು. “ಹಾಗಾದ್ರೆ ರೈಟರನ್ನೇ ಕರೀರಿ, ಅವರೇ ಎಲ್ಲಕ್ಕೂ ಹಾಕೋದು” ಎಂದೂ ಹೇಳಿದರು. ಹಾಜರಿ ಬರೆಯುವ ರೈಟರು ಪಕ್ಕದಲ್ಲಿ ಕೂತರೆ ‘ಮನಸ್ಸಿಲ್ಲ’ ಚೌಕಕ್ಕೆ ಯಾರ ಬೆರಳೂ ಹೋಗುವುದಿಲ್ಲ. ಏನನ್ನೋಣ?

ಮಡಿಕೇರಿಯಿಂದ

ಸಾಕ್ಷಿ ಎಂದರೆ ಕಣ್ಣಿನೊಡನೆ ಇದ್ದವನು. ಕೋರ್ಟಿಗೆ ಹೋದದ್ದು ಆಮೇಲೆ. ‘ಜೊತೆಗಿದ್ದು ಕೇಳಿದವರು’ ಎಂದು ಬರೆಯಿರಿ, ‘ತೋಟಕ್ಕೂ ಆಸ್ಪತ್ರೆಗೂ ಸೇರದವರು’ ಎಂದು ಕೆಳಗೆ ಹಾಕಿ. ‘ನಿಷ್ಪಕ್ಷಪಾತ’ ತೆಗೆಯಿರಿ. ತಲೆಬರಹದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಿದ್ದಾಪುರದಿಂದ

ಅಂಗನವಾಡಿ ಟೀಚರನ್ನು ಕೇಳಿ ನೋಡಿ. ತೋಟದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ. ಕೆಲಸ ಬಿಟ್ಟ ಮೇಲೆ, ಸಂಜೆ ನಾಲ್ಕೂವರೆಗೆ ಹೋಗಿ. ಬೆಳಿಗ್ಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ.