ಒಂದೇ ಕಾಲ್ಬೆರಳ ಮೂಳೆಯಿಂದ ನಿಯಾಂಡರ್ತಾಲರ ಜನಸಂಖ್ಯೆ ತಿಳಿಯುವುದು ಹೇಗೆ?

ಪ್ರಶ್ನೆ: ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ, ಅಳಿದುಹೋದ ಮಾನವರಾದ ನಿಯಾಂಡರ್ತಾಲರ ಹೆಣ್ಣೊಬ್ಬಳ ಕಾಲ್ಬೆರಳ ಮೂಳೆಯ ಜೀನೋಮ್ (ಪೂರ್ತಿ ಡಿಎನ್‌ಎ) 2014ರಲ್ಲಿ ಪ್ರಕಟವಾಯಿತು. ಆ ಹೆಣ್ಣಿನ ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳು ಎನ್ನುತ್ತಾರೆ. ನಿಯಾಂಡರ್ತಾಲರೆಲ್ಲ ಹೀಗೆಯೇ ಇದ್ದರೇ? ಒಬ್ಬಳ ಡಿಎನ್‌ಎ ನೋಡಿ ಗುಂಪು ಚಿಕ್ಕದಿತ್ತು ಎನ್ನುವುದು ಹೇಗೆ?

ಉತ್ತರ 1: ತಂದೆತಾಯಿ ನೆಂಟರಾಗಿರುವುದು, ಗುಂಪು ಚಿಕ್ಕದಾಗಿರುವುದು ಎರಡು ಬೇರೆ ಸಂಗತಿಗಳು. ತಾಯಿಯ ಪ್ರತಿ, ತಂದೆಯ ಪ್ರತಿ ಎರಡೂ ತದ್ರೂಪವಾಗಿರುವ ತುಂಡುಗಳನ್ನು ವರ್ಣತಂತುಗಳಲ್ಲಿ ಹುಡುಕಿ ಉದ್ದ ಅಳೆಯಬೇಕು. ಪ್ರತಿ ತಲೆಮಾರಿನಲ್ಲೂ ವರ್ಣತಂತು ಕತ್ತರಿಸಿ ಬೆರೆಯುವುದರಿಂದ, ಸಂಬಂಧ ಹಳೆಯದಾದಷ್ಟೂ ತುಂಡು ಗಿಡ್ಡ. 10 ಸೆಂಟಿಮಾರ್ಗನ್ (ವರ್ಣತಂತುವಿನ ಉದ್ದವನ್ನು ಬೆರೆಯುವಿಕೆಯ ಲೆಕ್ಕದಲ್ಲಿ ಅಳೆಯುವ ಮಾನ) ಮೀರಿದವು ಬಹಳ ಇದ್ದರೆ ತಂದೆತಾಯಿಯೇ ನೆಂಟರು. 2.5ರಿಂದ 10ರ ನಡುವಿನವು ಹೇರಳವಾಗಿದ್ದರೆ ಗುಂಪೇ ಬಹುಕಾಲ ಚಿಕ್ಕದಾಗಿತ್ತು.

ಕಾಲ್ಬೆರಳ ಮೂಳೆಯ ಈ ಹೆಣ್ಣಿನಲ್ಲಿ ಎರಡೂ ಇವೆ; ಗುಹೆ ಇರುವ ಪರ್ವತದ ಹೆಸರಿನಿಂದ ಅವಳನ್ನು ಆಲ್ಟಾಯ್ ಹೆಣ್ಣು ಎನ್ನುತ್ತಾರೆ. ಅವಳ ಒಳಸಂತಾನ ಗುಣಾಂಕ (ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಪಾಲು) ಸುಮಾರು 1/8. ನಮ್ಮಲ್ಲಿ ಸೋದರಮಾವನನ್ನು ಮದುವೆಯಾದವಳ ಮಗುವಿಗೂ ಅದೇ ಲೆಕ್ಕ. ತಂದೆ ಒಬ್ಬನೇ, ತಾಯಂದಿರು ಬೇರೆ ಆಗಿರುವ ಅಣ್ಣತಂಗಿಯ ಮಗುವಿಗೂ ಅಷ್ಟೇ. ಆದ್ದರಿಂದ ಆ ಸಂಬಂಧಕ್ಕೆ ಒಂದೇ ಹೆಸರಿಡಲಾಗದು. ಕ್ರೊಯೇಷಿಯಾದ ವಿಂಡಿಯಾ ಗುಹೆಯ ನಿಯಾಂಡರ್ತಾಲ್ ಹೆಣ್ಣಿನಲ್ಲಿ (ಜೀನೋಮ್ ಪ್ರಕಟವಾದದ್ದು 2017) ಅಷ್ಟು ಉದ್ದದ ತುಂಡುಗಳಿಲ್ಲ, ನಡುಗಾತ್ರದವು ಮಾತ್ರ ಧಾರಾಳ. ಅಂದರೆ ನೆಂಟರೊಳಗೆ ಕೂಡುವುದು ಎಲ್ಲರ ರೂಢಿಯಲ್ಲ. ಗುಂಪು ಚಿಕ್ಕದಾಗಿದ್ದದ್ದು ಮಾತ್ರ ಎರಡೂ ಕಡೆ ನಿಜ.

ಉತ್ತರ 2: ಮೇಲಿನ ಅಳತೆಗೆ ಒಳ್ಳೆಯ ಜೀನೋಮ್ ಬೇಕೇ ಬೇಕು. ಆಲ್ಟಾಯ್‌ನದನ್ನು ಸರಾಸರಿ 50 ಬಾರಿ, ವಿಂಡಿಯಾದ್ದನ್ನು 30 ಬಾರಿ ಓದಿದ್ದಾರೆ. ಒಂದೆರಡು ಬಾರಿ ಮಾತ್ರ ಓದಿದ್ದರೆ ಒಂದೇ ಪ್ರತಿ ಕೈಗೆ ಸಿಕ್ಕಿ, ಭಿನ್ನವಾಗಿದ್ದ ಜಾಗವೂ ತದ್ರೂಪವೆಂದು ತೋರುತ್ತದೆ. ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ: ಹಳೆಯ ಡಿಎನ್‌ಎ ಚೂರುಗಳ ತುದಿಯಲ್ಲಿ ಸೈಟೊಸಿನ್ (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸಿ) ಕೆಟ್ಟು ಯುರಾಸಿಲ್ ಆಗಿರುತ್ತದೆ, ಯಂತ್ರ ಸಿ ಬದಲು ಟಿ ಓದುತ್ತದೆ, ತದ್ರೂಪ ತುಂಡು ನಡುವೆ ಮುರಿದಂತೆ ಕಾಣುತ್ತದೆ. ಯುಡಿಜಿ ಕಿಣ್ವದಿಂದ ಯುರಾಸಿಲ್ ತೆಗೆಯಬಹುದು. ಆದರೆ ಪೂರ್ತಿ ತೆಗೆದರೆ ಹಳೆಯದೆಂಬ ಗುರುತೇ ಅಳಿದು, ಇಂದಿನವರ ಡಿಎನ್‌ಎ ಬೆರೆತದ್ದು ಗೊತ್ತಾಗುವುದು ಕಷ್ಟ.

ಉತ್ತರ 3: ಒಂದೇ ಗುಹೆಯವರೆಂದು ವಂಶದ ಗೆರೆ ಎಳೆಯಬೇಡಿ. ಅದೇ ಡೆನಿಸೋವಾದಲ್ಲಿ ಸುಮಾರು 90,000 ವರ್ಷ ಹಿಂದಿನ ಹುಡುಗಿಯೊಬ್ಬಳ ತಂದೆ ಡೆನಿಸೋವನ್ (ಅಳಿದುಹೋದ ಇನ್ನೊಂದು ಮಾನವ ಗುಂಪಿನವನು), ತಾಯಿ ನಿಯಾಂಡರ್ತಾಲ್. ಆ ತಾಯಿ ಆಲ್ಟಾಯ್ ಹೆಣ್ಣಿಗಿಂತ ದೂರದ ವಿಂಡಿಯಾದವಳಿಗೇ ಹತ್ತಿರ. ನಡುವೆ ಜನವೇ ಬದಲಾಗಿದ್ದಾರೆ.

ಗುಂಪಿನೊಳಗಿನ ಬಾಳು ನೋಡಬೇಕಾದರೆ ಸೈಬೀರಿಯಾದ ಚಾಗಿರ್ಸ್ಕಾಯಾ ಗುಹೆಯ ನಿಯಾಂಡರ್ತಾಲರ ಅಧ್ಯಯನ (2022): 11 ಮಂದಿಯಲ್ಲಿ ತಂದೆ ಮತ್ತು ಹದಿಹರೆಯದ ಮಗಳೂ ಸಿಕ್ಕಿದ್ದಾರೆ. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ವೈವಿಧ್ಯ, ತಾಯಿಯಿಂದ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯದ್ದಕ್ಕಿಂತ ಬಹಳ ಕಡಿಮೆ. ಅಂದರೆ ಗುಂಪು ಬಿಟ್ಟು ಗುಂಪಿಗೆ ಹೋಗುತ್ತಿದ್ದವರು ಹೆಚ್ಚಾಗಿ ಹೆಂಗಸರು.