200-500 ಲೆನ್ಸ್ ಹಮ್ಮಿಂಗ್‌ಬರ್ಡ್ ಮೇಲೆ ಫೋಕಸ್ಸೇ ಆಗ್ತಿಲ್ಲ

ಬಾಲ್ಕನಿರಾಣಿ:
ನಾವಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ, ಎರಡನೇ ಮಹಡಿ. ಬಾಲ್ಕನಿ ದಕ್ಷಿಣಕ್ಕಿದೆ. ಅಲ್ಲಿ ತೂಗುಹಾಕಿದ, ಹಕ್ಕಿಗೆ ಸಿಹಿನೀರು ಇಡುವ ಫೀಡರನ್ನು ಒಂದು ಗಂಡು ಆನಾಸ್ ಹಮ್ಮಿಂಗ್‌ಬರ್ಡ್ ಅಪ್ಪನ ಆಸ್ತಿ ಅಂದುಕೊಂಡಿದೆ. ಬೇರೆ ಹಕ್ಕಿ ಬಂದರೆ ಸಾಕು, ಅಟ್ಟಿಸಿಕೊಂಡು ಹೋಗುತ್ತದೆ.

ನನ್ನದು ನಿಕಾನ್ ಡಿ7500 ಕ್ಯಾಮೆರಾ, ಜೊತೆಗೆ ನಿಕಾನ್ 200-500 ಎಂಎಂ ಜೂಮ್ ಲೆನ್ಸ್. ಬಾಗಿಲಲ್ಲಿ ನಿಂತರೆ ಫೀಡರ್ ಕೈಗೆ ಸಿಗುವಷ್ಟು ಹತ್ತಿರ. ಆದರೆ ಲೆನ್ಸ್ ಸುಮ್ನೆ ಗರ್ ಗರ್ ಅಂತ ತಿರುಗುತ್ತದೆ, ಫೋಕಸ್ ಆಗಲ್ಲ. ಹಿಂದೆ ಸರಿದು ಗಾಜಿನೊಳಗಿಂದ ತೆಗೆದರೆ ಎಲ್ಲ ಮಸುಕು. ಕುತ್ತಿಗೆ ಗುಲಾಬಿ ಬಣ್ಣ ಅಲ್ವಾ? ನನ್ನ ಫೋಟೊದಲ್ಲಿ ಮಸಿ ಬಳಿದ ಹಾಗಿದೆ. ಲೆನ್ಸ್ ಕೆಟ್ಟಿದೆಯಾ?

ಇನ್ನೊಂದು: ಊರಿಂದ ಬಂದಿರುವ ಅಮ್ಮ ಫೀಡರಿಗೆ ಬೆಲ್ಲದ ನೀರು ಹಾಕೋಣ ಅಂತಿದ್ದಾರೆ. ಹಾಕಬಹುದಾ?

ಕಾಫಿಪುಡಿ:
ಲೆನ್ಸ್ ಚೆನ್ನಾಗೇ ಇದೆ ಮೇಡಂ. ಅದಕ್ಕೆ ಕನಿಷ್ಠ 2.2 ಮೀಟರ್ ದೂರ ಬೇಕು. 200ಕ್ಕೆ ಇಳಿಸಿದರೂ ಅಷ್ಟೇ. ಲೆನ್ಸ್ ಪಕ್ಕದಲ್ಲಿ ಎಷ್ಟು ದೂರದಿಂದ ಫೋಕಸ್ ಆಗಬೇಕು ಅಂತ ಹೇಳುವ ಸ್ವಿಚ್ ಇದೆ, ಅದನ್ನೂ ನೋಡಿ. 6 ಮೀಟರ್ ಕಡೆಗಿದ್ದರೆ ಹತ್ತಿರದ್ದು ಯಾವುದೂ ಸಿಗಲ್ಲ, ಫುಲ್‌ಗೆ ತನ್ನಿ. ಗಾಜು ಮಾತ್ರ ಬೇಡವೇ ಬೇಡ.

ಹಳೇಟ್ರೈಪಾಡ್:
ಬಾಲ್ಕನಿಯ ಅಗಲಕ್ಕೆ ಯಾಕೆ ತೆಗೀತೀರಿ? ಉದ್ದಕ್ಕೆ ತೆಗೀರಿ. ಫೀಡರನ್ನು ಪಶ್ಚಿಮದ ತುದಿಗೆ ಹಾಕಿ, ಬೆಳಿಗ್ಗೆ ನೀವು ಪೂರ್ವದ ತುದಿಯಲ್ಲಿ ಕೂತ್ಕೊಳ್ಳಿ. ದೂರವೂ ಸಿಗುತ್ತೆ, ಬಿಸಿಲೂ ಬೆನ್ನಿಗಿರುತ್ತೆ. ಆ ಗುಲಾಬಿ ಮಿಂಚು ಬರುವುದು ಗರಿಯ ರಚನೆಯಿಂದ, ಬೆಳಕು ಸರಿಯಾದ ಕೋನದಲ್ಲಿ ಬಿದ್ದರಷ್ಟೇ ಕಾಣುತ್ತೆ. ಇಲ್ಲದಿದ್ದರೆ ಮಸಿಯೇ.

ಕುಡಿಯುವಾಗ ಕ್ಲಿಕ್ ಮಾಡಬೇಡಿ. ಎರಡು ಗುಟುಕು ಕುಡಿದು ಸ್ವಲ್ಪ ಹಿಂದೆ ಸರಿದು ಗಾಳಿಯಲ್ಲಿ ನಿಲ್ಲುತ್ತಲ್ಲ, ಆಗ ಒತ್ತಿ. ಶಟರ್ 1/3200 ಸೆಕೆಂಡ್, ಅಪರ್ಚರ್ ಎಫ್8. ಅಷ್ಟು ಹತ್ತಿರದಲ್ಲಿ 500ರಲ್ಲಿ ಫೋಕಸ್ ಆಗುವ ಆಳ ಒಂದು ಸೆಂಟಿಮೀಟರೂ ಇರಲ್ಲ, ಕಣ್ಣಿಗೇ ಹಿಡಿಯಿರಿ. ರೆಕ್ಕೆ ಸೆಕೆಂಡಿಗೆ 40-50 ಸಲ ಬಡಿಯುತ್ತೆ, ತುದಿ ಮಸುಕಾದರೆ ಆಗಲಿ ಬಿಡಿ. ಫ್ಲ್ಯಾಶ್ ಇಟ್ಟು ಪೂರ್ತಿ ನಿಲ್ಲಿಸಿದ ಫೋಟೊ ನನಗಂತೂ ಗೊಂಬೆ ಥರ ಕಾಣುತ್ತೆ.

ಮಲ್ಲಿಗೆಮೊಗ್ಗು:
ಅಮ್ಮನಿಗೆ ಹೇಳಿ, ಬೆಲ್ಲ, ಜೇನು, ಕೆಂಪು ಬಣ್ಣ ಯಾವುದೂ ಬೇಡ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಸೆಕೆ ಇದ್ದರೆ ಎರಡು ದಿನಕ್ಕೊಮ್ಮೆ ತೊಳೆಯಿರಿ, ಬೂಸ್ಟು ಬರುತ್ತೆ.

ಬಾಲ್ಕನಿರಾಣಿ:
ಸ್ವಿಚ್ 6 ಮೀಟರ್ ಕಡೆಗೇ ಇತ್ತು! ನಾಚಿಕೆ ಆಯ್ತು. ಫೀಡರ್ ಜಾಗ ಬದಲಿಸಿದ ಮೊದಲ ದಿನ ಹಕ್ಕಿ ಹಳೇ ಜಾಗಕ್ಕೇ ಬಂದು ಖಾಲಿ ಗಾಳಿಯನ್ನು ದಿಟ್ಟಿಸಿ ನೋಡಿತು, ಪಾಪ. ಮೂರನೇ ಬೆಳಿಗ್ಗೆ 140 ಫೋಟೊ ತೆಗೆದೆ. ನಾಲ್ಕು ಸರಿ ಬಂದಿವೆ, ಒಂದರಲ್ಲಿ ತಲೆ, ಕುತ್ತಿಗೆ ಎರಡೂ ಕೆಂಡದ ಹಾಗೆ ಹೊಳೀತಿದೆ. ಅಮ್ಮ ಅದನ್ನು ಮನೆ ಗ್ರೂಪಿಗೆ ಕಳಿಸಿದ್ದಾರೆ. ನಮ್ಮೂರಲ್ಲಿ ಹೂವಿನ ಮಕರಂದ ಹೀರುವ ಸೂರಕ್ಕಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ ಅಂತ ಎಷ್ಟು ಹೇಳಿದರೂ ಕೇಳದೆ, ಕೆಳಗೆ ಬರೆದಿದ್ದಾರೆ: "ಅಮೆರಿಕದ ಸೂರಕ್ಕಿ, ನಮ್ಮ ಹಿತ್ತಲಲ್ಲಿರೋದೇ."